ಎರಡು ಬಾಟಲಿ ಪಾಚಿಯ ಜೊತೆ ನಾಲ್ಕು ದಿನ

ಬುಧವಾರ

ಬೆಳಿಗ್ಗೆ ಕಾರು ತೆಗೆದುಕೊಂಡು ಇಂದ್ರಾಳಿ ಸ್ಟೇಷನ್ನಿಗೆ ಹೋಗಿದ್ದೆ. ಬೆಂಗಳೂರಿನ ರೈಲಿನಿಂದ ಅಕ್ಕನ ಮಗಳು ಇಳಿದಳು, ಹಿಂದೆಯೇ ಅವಳ ಇಬ್ಬರು ಜೊತೆಗಾರರು. ಬಟ್ಟೆ ಬ್ಯಾಗು, ಲ್ಯಾಪ್‌ಟಾಪು ಎಲ್ಲ ಅವರ ಹೆಗಲಿಗೆ ಹಾಕಿ ಇವಳು ಒಂದು ಸ್ಟೀಲಿನ ಟಿಫಿನ್ ಕ್ಯಾರಿಯರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಅಕ್ಕ ಎಂತ ಕಳಿಸಿದ್ದಾಳೆ?" ಅಂತ ಕೈ ಚಾಚಿದೆ.

"ಮಾವಾ, ಅಲ್ಲಾಡಿಸಬೇಡಿ. ಒಳಗೆ ಜೀವ ಉಂಟು."

ನಮ್ಮ ಮನೆ ಆದಿಉಡುಪಿಯಲ್ಲಿ. ಕೈಕಾಲು ತೊಳೆಯುವ ಮೊದಲೇ ಅವಳು ಅಡುಗೆಮನೆಯಲ್ಲಿ ಕ್ಯಾರಿಯರ್ ಬಿಚ್ಚಿದಳು. ಟವೆಲಿನಲ್ಲಿ ಸುತ್ತಿದ ಎರಡು ಚಪ್ಪಟೆ ಬಾಟಲಿ, ಒಂದೊಂದು ಅಂಗೈಯಷ್ಟು. ಒಳಗೆ ಹಾಲು ಹಾಕದ ಚಹಾದ ಬಣ್ಣದ ನೀರು. ಇಡೀ ರಾತ್ರಿ ಕತ್ತಲಲ್ಲಿದ್ದವಲ್ಲ, ಈಗ ಬೆಳಕು ಬೇಕು ಅಂತ ಕಿಟಕಿಯ ಹತ್ತಿರ, ಬಿಸಿಲು ನೇರ ಬೀಳದ ಜಾಗ ಹುಡುಕಿ ಇಟ್ಟಳು. ಆಮೇಲೆ ಬನ್ಸ್ ತಿನ್ನಲು ಕೂತಳು.

ಬಾಟಲಿಯಲ್ಲಿದ್ದದ್ದು ಹವಳ ಎಂಬ ಕಡಲ ಪ್ರಾಣಿಯ ಒಳಗೆ ವಾಸ ಮಾಡುವ ಪಾಚಿ. ಇವಳ ಪಿಎಚ್‌ಡಿ ಅದರ ಮೇಲೆಯೇ. ಅದರ ಜಿನೋಮ್, ಅಂದರೆ ಕೋಶದೊಳಗಿನ ಪೂರ್ತಿ ಡಿಎನ್‌ಎ, ಕಾಲಕಾಲಕ್ಕೆ ಹೇಗೆ ಬದಲಾಯಿತು, ಇನ್ನೊಂದು ಜೀವಿಯ ಹೊಟ್ಟೆಯೊಳಗೆ ಸಂಸಾರ ಹೂಡಿದ ಮೇಲೆ ಅದರಲ್ಲಿ ಏನೇನು ಹೆಚ್ಚಾಯಿತು, ಏನು ಹೋಯಿತು ಅನ್ನುವುದು ಇವರು ಮೂವರೂ ಹಿಂದೆ ಬಿದ್ದಿರುವ ಪ್ರಶ್ನೆ. ಧಾರವಾಡದ ಹುಡುಗ ಕಂಪ್ಯೂಟರ್ ಕಡೆಯವನು. ತುಮಕೂರಿನ ಹುಡುಗಿ ಲ್ಯಾಬಿನಲ್ಲಿ ಪಾಚಿ ಸಾಕುವವಳು, ಎರಡೂ ಬಾಟಲಿ ಅವಳ ಕೈಯಲ್ಲೇ ಬೆಳೆದವು. ಮೂವರಲ್ಲಿ ಇಬ್ಬರು ಕಡಲನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಹಾಗಾಗಿ ನಾಲ್ಕು ದಿನ ರಜೆ ಹಾಕಿ ಬಂದಿದ್ದರು. ಪ್ರವಾಸ ಅವರದು. ನಾನು ಕಾರು ಓಡಿಸಿದವನು, ಕೇಳಿಸಿಕೊಂಡವನು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಸಹಜೀವನದ ಪಾಠದಲ್ಲಿ ಹವಳದ ಬಗ್ಗೆ ಎರಡು ಸಾಲು ಹೇಳಿ ಮುಂದೆ ಹೋಗುತ್ತಿದ್ದೆ. ಆ ಎರಡು ಸಾಲಿನ ಒಳಗೆ ಎಷ್ಟು ಇದೆ ಎಂದು ಈ ನಾಲ್ಕು ದಿನದಲ್ಲಿ ಗೊತ್ತಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬಾವಿಕಟ್ಟೆಯ ಮೇಲೆ ಕಾಲು ಜಾರಿಸುವ ಹಸಿರು ಪಾಚಿ ಬೇರೆ, ಇದು ಬೇರೆ. ಇವು ಡೈನೋಫ್ಲಾಜೆಲೇಟ್ ಅನ್ನುವ ಗುಂಪಿನ ಒಂಟಿ ಕೋಶದ ಜೀವಿಗಳು. ಕೆಲವು ವರ್ಷ ಕರಾವಳಿಯಲ್ಲಿ ರಾತ್ರಿ ಹೊತ್ತು ಅಲೆಗಳು ನೀಲಿಯಾಗಿ ಹೊಳೆಯುತ್ತವಲ್ಲ, ಆ ಬೆಳಕು ಬರುವ ಜೀವಿಯೂ ಇದೇ ಗುಂಪಿನದು. ಹವಳದ ಪಾಚಿಯ ಒಂದು ಕೋಶ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಹವಳದ ಮೈಯ ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 10 ಲಕ್ಷ ಕೋಶ ಇರುತ್ತವೆ. ಬಿಸಿಲಿನಲ್ಲಿ ಇವು ಮಾಡುವ ಸಕ್ಕರೆಯೇ ಹವಳದ ಊಟ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ 90 ಶೇಕಡಾದವರೆಗೂ ಇವೇ ಕೊಡುತ್ತವೆ. ಬದಲಿಗೆ ಹವಳ ಇವಕ್ಕೆ ಜಾಗ ಕೊಡುತ್ತದೆ, ತಾನು ಹೊರಹಾಕುವ ಸಾರಜನಕ, ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. ಹವಳಕ್ಕೆ ನಾವು ನೋಡುವ ಕಂದು ಬಣ್ಣವೂ ಹೆಚ್ಚಾಗಿ ಇವುಗಳದ್ದೇ.

ಮಧ್ಯಾಹ್ನ ನಿದ್ದೆ. ಸಂಜೆ ಮಲ್ಪೆ ಬಂದರು, ಬೀಚು, ಮೀನು ಲಾರಿ, ಗೋಳಿಬಜೆ. ಅದು ಎಲ್ಲರಿಗೂ ಗೊತ್ತಿರುವುದೇ.

ರಾತ್ರಿಯ ಊಟ ಆದ ಮೇಲೆ ಶಾಲೆಯಿಂದ ತಂದಿದ್ದ ಮೈಕ್ರೋಸ್ಕೋಪನ್ನು ಊಟದ ಮೇಜಿನ ಮೇಲೆ ಇಟ್ಟೆ. ತುಮಕೂರಿನ ಹುಡುಗಿ ಒಂದು ಹನಿ ತೆಗೆದು ಗಾಜಿನ ಮೇಲೆ ಬಿಟ್ಟಳು. ಮೊದಲು ಕಣ್ಣಿಟ್ಟವನು ಧಾರವಾಡದ ಹುಡುಗ. ಬಹಳ ಹೊತ್ತು ತಲೆ ಎತ್ತಲಿಲ್ಲ.

"ನಾಲ್ಕ್ ವರ್ಷ ಆತ್ರಿ ಸರ, ಇದರ ಫೈಲ್ ನೋಡಕೋತ ಕುಂತೇನಿ" ಅಂದ. "ಇದನ್ನ ಕಣ್ಣಿಂದ ನೋಡಿದ್ದು ಇವತ್ತ."

ನಾನೂ ನೋಡಿದೆ. ಜೇನಿನ ಬಣ್ಣದ ಸಣ್ಣ ಸಣ್ಣ ಗುಂಡುಗಳು. ಒಂದೂ ಅಲುಗಾಡುವುದಿಲ್ಲ. "ಸತ್ತಿವೆಯಾ?" ಅಂತ ಕೇಳಿದೆ. ಇಲ್ಲವಂತೆ. ಬಾಟಲಿಯಲ್ಲಿ ಬೆಳೆದ ಇವು ಕತ್ತಲಾದ ಮೇಲೆ ಹೀಗೆ ದುಂಡಗಾಗಿ ಕೂರುತ್ತವೆ. ಹಗಲು ಬೆಳಕು ಬಂದು ಕೆಲವು ಗಂಟೆ ಆದ ಮೇಲೆ ಬಾಲದಂಥ ಎರಡು ಎಳೆ ಮೂಡಿ ಈಜುತ್ತವೆ. ಹವಳದ ಒಳಗಿರುವಾಗ ದುಂಡಗೆ ಸುಮ್ಮನೆ ಇರುವ ಇವು ಹೊರಗೆ ಬಂದರೆ ಈಜುವ ಡೈನೋಫ್ಲಾಜೆಲೇಟ್ ಆಗುತ್ತವೆ ಎಂದು 1944ರಲ್ಲಿ ತೋರಿಸಿಕೊಟ್ಟದ್ದು ಜಪಾನಿನ ಕವಾಗುತಿ. ಅಲ್ಲಿಯವರೆಗೆ ಇವು ಯಾವ ಜಾತಿಯವು ಎನ್ನುವುದೇ ಸ್ಪಷ್ಟ ಇರಲಿಲ್ಲ. "ಬೆಳಿಗ್ಗೆ ಹತ್ತು ಗಂಟೆ ಮೇಲೆ ನೋಡುವಾ ಮಾವ, ಆಗ ಗೊತ್ತಾಗ್ತದೆ" ಅಂದಳು ಅಕ್ಕನ ಮಗಳು.

ಗುರುವಾರ

ಹತ್ತು ಗಂಟೆಗೆ ನಾವು ಮನೆಯಲ್ಲಿ ಇರಲಿಲ್ಲ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟಿನಲ್ಲಿದ್ದೆವು. ನಮ್ಮ ಕಡೆ ಹಳಬರು ಇದನ್ನು ತೋನ್ಸೆಪಾರ್ ಅನ್ನುತ್ತಾರೆ. ಬೋಟಿನಲ್ಲಿ ಸಿನಿಮಾ ಹಾಡು ಜೋರು. ತುಮಕೂರಿನ ಹುಡುಗಿ ಹಗ್ಗ ಹಿಡಿದು ಕಣ್ಣು ಮುಚ್ಚಿ ಕೂತವಳು ದ್ವೀಪ ಬಂದ ಮೇಲೆಯೇ ಕಣ್ಣು ಬಿಟ್ಟದ್ದು.

ದ್ವೀಪದ ಕಲ್ಲು ಕಂಬಗಳನ್ನು ನೋಡಿದವರು ಮರೆಯುವುದಿಲ್ಲ. ಯಾರೋ ಅಳತೆ ಹಿಡಿದು ಕೆತ್ತಿ ಜೋಡಿಸಿದ ಹಾಗೆ, ಐದು ಮೂಲೆ, ಆರು ಮೂಲೆಯ ಕಂಬಗಳು ಒತ್ತೊತ್ತಾಗಿ ನಿಂತಿವೆ. ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ತಣ್ಣಗಾಗಿ ಬಿರಿದು ಆದ ಕಲ್ಲು ಇವು. ಮಕ್ಕಳನ್ನು ಪ್ರತಿ ಎರಡು ವರ್ಷಕ್ಕೊಮ್ಮೆ ಇಲ್ಲಿಗೆ ಕರೆದುಕೊಂಡು ಬರುತ್ತೇನೆ. "ಇದು ಎಷ್ಟು ಹಳೆಯದು ಅಂತ ಊಹಿಸಲೂ ಕಷ್ಟ" ಅಂತ ಯಾವಾಗಲೂ ಹೇಳುವ ಮಾತನ್ನೇ ಇವರಿಗೂ ಹೇಳಿದೆ.

ಅಕ್ಕನ ಮಗಳು ಒಂದು ಕಂಬದ ಮೇಲೆ ಕೂತು ನಕ್ಕಳು. "ನಮ್ಮ ಪಾಚಿ ಕುಟುಂಬ ಇದರ ಹೆಚ್ಚುಕಡಿಮೆ ದುಪ್ಪಟ್ಟು ಹಳತು ಮಾವಾ."

2018ರಲ್ಲಿ ಲಾಜುನೆಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಡಿಎನ್‌ಎ ಹೋಲಿಸಿ ಲೆಕ್ಕ ಹಾಕಿದಾಗ ಈ ಕುಟುಂಬದ ಬೇರು ಸುಮಾರು 16 ಕೋಟಿ ವರ್ಷ ಹಿಂದಕ್ಕೆ, ಡೈನೊಸಾರ್‌ಗಳ ಜುರಾಸಿಕ್ ಕಾಲಕ್ಕೆ ಹೋಯಿತು. ಇಂದಿನ ಬಂಡೆ ಕಟ್ಟುವ ಹವಳಗಳು ಕವಲೊಡೆದು ಹರಡಿದ ಕಾಲವೂ ಅದೇ. ನಾವು ನಿಂತ ಕಲ್ಲು ಹುಟ್ಟುವ ಹೊತ್ತಿಗೆ ಹವಳ ಮತ್ತು ಪಾಚಿಯ ಸಂಸಾರ ಹಳೆಯದಾಗಿತ್ತು. ಆ ಮಾತು ಕೇಳಿದ ಮೇಲೆ ನಾನೂ ಅಲ್ಲೇ ಕೂತೆ. ಬಿಸಿಲು ಏರುತ್ತಿತ್ತು, ಎದ್ದು ಹೋಗಬೇಕು ಅನಿಸಲಿಲ್ಲ.

ಬಹಳ ಕಾಲ ಎಲ್ಲವನ್ನೂ ಒಂದೇ ಜಾತಿ ಅಂದುಕೊಂಡಿದ್ದರಂತೆ. 1962ರಲ್ಲಿ ಸಿಂಬಯೋಡಿನಿಯಮ್ ಅಂತ ಹೆಸರಿಟ್ಟದ್ದು. ಮೈಕ್ರೋಸ್ಕೋಪಿನಲ್ಲಿ ಎಲ್ಲವೂ ಅದೇ ಕಂದು ಗುಂಡು, ವ್ಯತ್ಯಾಸ ಕಾಣುವುದು ಕಷ್ಟ. 1991ರ ಹೊತ್ತಿಗೆ ಡಿಎನ್‌ಎ ನೋಡಲು ಶುರು ಮಾಡಿದಾಗ ಒಂದೇ ಥರ ಕಾಣುವ ಗುಂಡುಗಳ ನಡುವೆ ಭಾರೀ ಅಂತರ ಕಾಣಿಸಿತು. ಎ, ಬಿ, ಸಿ, ಡಿ ಅಂತ ಗುಂಪು ಮಾಡಿದರು. 2018ರ ಆ ಕೆಲಸದಲ್ಲಿಯೇ ಅವಕ್ಕೆ ಬೇರೆ ಬೇರೆ ಕುಲದ ಹೆಸರು ಬಂತು. ನಮ್ಮ ಬಾಟಲಿಯಲ್ಲಿ ಒಂದು ಬ್ರೆವಿಯೋಲಮ್, ಇನ್ನೊಂದು ಡುರುಸ್ಡಿನಿಯಮ್. ಡುರುಸ್ ಅಂದರೆ ಲ್ಯಾಟಿನ್‌ನಲ್ಲಿ ಗಟ್ಟಿ. ಬಿಸಿ ನೀರಿನಲ್ಲಿಯೂ ಹವಳದೊಳಗೆ ನಿಲ್ಲುವ ಗಟ್ಟಿಗ ಅದು.

ದ್ವೀಪದ ನೀರು ತಿಳಿಯಾಗಿ ಕಂಡರೂ ನಮ್ಮ ಕರಾವಳಿಯಲ್ಲಿ ಲಕ್ಷದ್ವೀಪದ ಹಾಗೆ ಹವಳದ ಬಂಡೆ ಬೆಳೆದಿಲ್ಲ. ಯಾಕೆ ಎಂದು ಹುಡುಗರು ಕೇಳಿದರು. ಇದಕ್ಕೆ ಉತ್ತರ ಕೊಡುವ ಸರದಿ ನನ್ನದು. ಜೂನ್ ಬರಲಿ ನೋಡಿ ಅಂದೆ. ಸ್ವರ್ಣಾ, ಸೀತಾ, ಅತ್ತ ನೇತ್ರಾವತಿ, ಫಲ್ಗುಣಿ ಎಲ್ಲ ಘಟ್ಟದ ಮಣ್ಣು ಹೊತ್ತು ತಂದು ಸುರಿಯುತ್ತವೆ. ತಿಂಗಳುಗಟ್ಟಲೆ ಕಡಲು ಕೆಂಪು ಕೆಂಪು. ಪಾಚಿಗೆ ಬಿಸಿಲು ಬೇಕು, ಕಲಕಿದ ನೀರಿನಲ್ಲಿ ಬಿಸಿಲು ಎಲ್ಲಿಂದ ಬರಬೇಕು? ನಮ್ಮ ರಾಜ್ಯದಲ್ಲಿ ಹವಳ ಚೆನ್ನಾಗಿ ನೋಡಬೇಕಾದರೆ ದಡದಿಂದ ದೂರ, ಮುರ್ಡೇಶ್ವರದ ಆಚೆ ಕಡಲೊಳಗಿನ ನೇತ್ರಾಣಿಗೆ ಹೋಗಬೇಕು. ಈ ಸಲ ಅದಕ್ಕೆ ದಿನ ಸಾಲಲಿಲ್ಲ. ಹೋದರೂ ಒಂದು ಚೂರು ತರುವ ಹಾಗಿಲ್ಲ. ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ ಇದೆ, ಮೊದಲನೇ ಪಟ್ಟಿಯಲ್ಲಿಯೇ. ಅಂಗಡಿಯಲ್ಲಿ ಅಲಂಕಾರಕ್ಕೆ ಇಟ್ಟ ಹವಳದ ಕೊಂಬೆ ಕಂಡರೆ ದಯವಿಟ್ಟು ಕೊಳ್ಳಬೇಡಿ.

ಮರಳಿ ಬರುವ ಬೋಟಿಗೆ ಕಾಯುವಾಗ ಮಾತು ಮತ್ತೆ ಜಿನೋಮಿಗೆ ಬಂತು. ನನಗೆ ತಲೆಯಲ್ಲಿ ಉಳಿದದ್ದು ಇದು. ಇನ್ನೊಂದು ಜೀವಿಯ ಒಳಗೆ ಸೇರಿಕೊಂಡ ಬ್ಯಾಕ್ಟೀರಿಯಾಗಳ ಜಿನೋಮ್ ಸಾಮಾನ್ಯವಾಗಿ ಕುಗ್ಗುತ್ತಾ ಹೋಗುತ್ತದೆ. ಗಿಡಹೇನಿನ ಹೊಟ್ಟೆಯಲ್ಲಿ ಇರುವ ಬ್ಯಾಕ್ಟೀರಿಯಾ ಹಾಗೆ. ಮನೆಯವರೇ ಎಲ್ಲ ಮಾಡಿ ಕೊಡುವಾಗ ಸ್ವಂತ ಒಲೆ ಯಾಕೆ? ಹವಳದ ಪಾಚಿ ಹಾಗೆ ಆಗಿಲ್ಲ. ಯಾಕೆಂದರೆ ಬಹುಪಾಲು ಹವಳಗಳಲ್ಲಿ ತಾಯಿ ತನ್ನ ಮರಿಗೆ ಪಾಚಿಯನ್ನು ಕೊಟ್ಟು ಕಳಿಸುವುದಿಲ್ಲ. ಮರಿ ಬರಿಗೈಯಲ್ಲಿ ಹುಟ್ಟಿ ಕಡಲ ನೀರಿನಿಂದ ತನಗೆ ಬೇಕಾದ ಪಾಚಿಯನ್ನು ಹೊಸದಾಗಿ ಸೇರಿಸಿಕೊಳ್ಳಬೇಕು. ಅಂದರೆ ಪಾಚಿಗೆ ಹವಳದ ಒಳಗೂ ಬದುಕಲು ಬರಬೇಕು, ಹೊರಗೂ ಬದುಕಲು ಬರಬೇಕು. ಒಲೆ ಬಿಟ್ಟುಕೊಡುವ ಹಾಗಿಲ್ಲ. ಹಾಗಂತ ಜಿನೋಮ್ ಇದ್ದ ಹಾಗೇ ಇಲ್ಲ. ಜಾಗ ಬದಲಿಸಿಕೊಂಡು ಓಡಾಡುವ ಡಿಎನ್‌ಎ ತುಂಡುಗಳು, ಕೆಟ್ಟು ನಿಂತ ಹಳೆಯ ಜೀನ್‌ಗಳು, ಹಿಂದುಮುಂದಾದ ಸಾಲುಗಳು ತುಂಬಿಕೊಂಡಿವೆ. ಇವು ಎಲ್ಲಿಂದ ಶುರುವಾದವು ಎಂದು ಹೋಲಿಸಿ ನೋಡಲು ಇದೇ ಬಳಗದ, ಹವಳದ ಸಹವಾಸವೇ ಇಲ್ಲದ ಒಂದು ಜೀವಿ ಬೇಕಲ್ವಾ, ಅದು ಸಿಕ್ಕಿದ್ದು ಧ್ರುವದ ಮಂಜುಗಡ್ಡೆಯಲ್ಲಿ. ಪೊಲರೆಲ್ಲಾ ಅಂತ ಹೆಸರು.

ಡುರುಸ್ಡಿನಿಯಮ್ ಕಥೆ ಇನ್ನೂ ವಿಶೇಷ. ಅದರಲ್ಲಿ ಟ್ರೆಂಚಿಯೈ ಅನ್ನುವ ಜಾತಿಯ ಇಡೀ ಜಿನೋಮ್ ಹಿಂದೆ ಒಮ್ಮೆ ದುಪ್ಪಟ್ಟಾಗಿದೆ ಎಂದು 2024ರಲ್ಲಿ ಪ್ರಕಟವಾಯಿತು. ಅಕ್ಕನ ಮಗಳು ದಡದ ಬೋಟುಗಳನ್ನು ತೋರಿಸಿ ಹೇಳಿದಳು. ಒಂದೇ ದೋಣಿ ಇರುವವನು ಅದನ್ನು ಬಿಚ್ಚಿ ಹೊಸದೇನೂ ಮಾಡಿ ನೋಡುವ ಹಾಗಿಲ್ಲ, ನಾಳೆ ಮೀನಿಗೆ ಹೋಗಬೇಕು. ಎರಡು ಇದ್ದರೆ ಒಂದು ದಿನದ ಕೆಲಸಕ್ಕೆ, ಇನ್ನೊಂದಕ್ಕೆ ಬೇರೆ ಎಂಜಿನ್ ಕೂರಿಸಿ ನೋಡಬಹುದು. ಜೀನ್ ಕೂಡ ಹಾಗೆ. ಎರಡೆರಡು ಪ್ರತಿ ಇದ್ದದ್ದರಿಂದಲೇ ಆ ಪಾಚಿಗೆ ಬಿಸಿ ತಾಳುವ ಶಕ್ತಿ ಹೆಚ್ಚಿತು ಅನ್ನುವುದು ಆ ಸಂಶೋಧಕರ ಮಾತು.

ಮನೆಗೆ ಬಂದಾಗ ಕತ್ತಲು. ಹುಣ್ಣಿಮೆ ಚಂದ್ರ ತೆಂಗಿನ ತೋಟದ ಮೇಲೆ ಬಂದಿತ್ತು. ಬಾಟಲಿಯಲ್ಲಿದ್ದವು ಮತ್ತೆ ದುಂಡಗೆ ಕೂತಿದ್ದವು.

ಶುಕ್ರವಾರ

ಈ ದಿನದ ಬಗ್ಗೆ ಬರೆಯಲು ಮನಸ್ಸಿಗೆ ಕಷ್ಟ.

ಬೆಳಿಗ್ಗೆ ಮಂಗಳೂರಿಗೆ ಹೊರಟೆವು. ಹೈವೇಯುದ್ದಕ್ಕೂ ಧಾರವಾಡದ ಹುಡುಗ ತನ್ನ ಕೆಲಸ ಹೇಳುತ್ತಾ ಬಂದ. ಮನುಷ್ಯನ ಜಿನೋಮಿನಲ್ಲಿ ಸುಮಾರು 300 ಕೋಟಿ ಡಿಎನ್‌ಎ ಅಕ್ಷರ, 20 ಸಾವಿರದ ಹತ್ತಿರ ಜೀನ್. 2013ರಲ್ಲಿ ಜಪಾನಿನ ಒಕಿನಾವಾದ ತಂಡ ಮೊದಲ ಬಾರಿಗೆ ಬ್ರೆವಿಯೋಲಮ್ ಜಿನೋಮಿನ ಕರಡು ಕೊಟ್ಟಾಗ, ಸುಮಾರು 150 ಕೋಟಿ ಅಕ್ಷರದ ಆ ಜಿನೋಮಿನಲ್ಲಿ 42 ಸಾವಿರದ ಹತ್ತಿರ ಜೀನ್ ಲೆಕ್ಕ ಸಿಕ್ಕಿತು. ಕಣ್ಣಿಗೆ ಕಾಣದ ಒಂಟಿ ಕೋಶಕ್ಕೆ ನಮ್ಮ ದುಪ್ಪಟ್ಟು. ಅವುಗಳಲ್ಲಿ ಬಹಳಷ್ಟರ ಕೆಲಸ ಏನೆಂದು ಯಾರಿಗೂ ಇನ್ನೂ ಗೊತ್ತಿಲ್ಲ. ಓದುವುದೂ ಕಷ್ಟ. ಯಂತ್ರ ಇಡೀ ಜಿನೋಮನ್ನು ಒಂದೇ ಉಸಿರಿಗೆ ಓದುವುದಿಲ್ಲ, ತುಂಡು ತುಂಡಾಗಿ ಓದುತ್ತದೆ, ಇವನು ತುಂಡುಗಳನ್ನು ಜೋಡಿಸಬೇಕು. "ಭಜನಿ ಪುಸ್ತಕ ಹರದು ಚೂರ್ ಚೂರ್ ಮಾಡಿ ಕೊಟ್ರ ಹೆಂಗ್ರಿ? ಪಲ್ಲವಿ ಎಲ್ಲಾ ಕಡೆ ಅದ ಇರತದ. ಯಾವ ಚೂರು ಯಾವ ಹಾಡಿಂದು ಅಂತ ತಿಳಿಯಂಗಿಲ್ಲ." ಈ ಪಾಚಿಯ ಜಿನೋಮಿನಲ್ಲಿ ಅಂಥ ಪಲ್ಲವಿಗಳು ತುಂಬ ಜಾಸ್ತಿ.

ಇನ್ನೊಂದು ವಿಷಯ ಕೇಳಿ ನನಗೆ ಆಶ್ಚರ್ಯವಾಯಿತು. ನಮ್ಮ ಕೋಶದಲ್ಲಿ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ, ಕೆಲಸದ ಹೊತ್ತಿಗೆ ಸಡಿಲವಾಗುತ್ತದೆ. ಇದನ್ನು ಎಷ್ಟು ವರ್ಷದಿಂದ ಬೋರ್ಡಿನ ಮೇಲೆ ಬರೆದಿದ್ದೇನೆ! ಡೈನೋಫ್ಲಾಜೆಲೇಟ್‌ಗಳಲ್ಲಿ ಆ ಪದ್ಧತಿ ನಡೆಯುವುದಿಲ್ಲ. ವರ್ಣತಂತು ಯಾವಾಗಲೂ ಹುರಿಹಗ್ಗದ ಹಾಗೆ ಬಿಗಿಯಾಗಿಯೇ ಇರುತ್ತದೆ. ಅದರ ಮೇಲೆ ಜೀನ್‌ಗಳೂ ಬಸ್ಸಿನ ಸೀಟಿನ ಹಾಗೆ ಬಹಳ ದೂರದವರೆಗೆ ಒಂದೇ ಕಡೆಗೆ ಮುಖ ಮಾಡಿರುತ್ತವೆ, ಆಮೇಲೆ ಒಂದು ಕಡೆ ಒಮ್ಮೆಲೇ ದಿಕ್ಕು ತಿರುಗುತ್ತದೆ. 2021ರಲ್ಲಿ ಒಂದು ಜಾತಿಯ ಪೂರ್ತಿ 94 ವರ್ಣತಂತು ಜೋಡಿಸಿ ನೋಡಿದಾಗ ಇದು ಸ್ಪಷ್ಟವಾಯಿತು.

ಎಕ್ಕೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇವರ ಗೆಳೆಯನೊಬ್ಬ ಇದ್ದಾನೆ, 1969ರಿಂದ ಇರುವ ಕಾಲೇಜು ಅದು. ಅವನಿಗೆ ತೋರಿಸಲು ಡುರುಸ್ಡಿನಿಯಮ್ ಬಾಟಲಿಯನ್ನು ಅದೇ ಟಿಫಿನ್ ಕ್ಯಾರಿಯರಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ತಂದಿದ್ದೆವು. ಅವನು ನೋಡಿ ಖುಷಿಪಟ್ಟ. ಅಲ್ಲಿಂದ ಹಳೆ ಬಂದರಿಗೆ ಬಂದೆವು.

ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು, ಅಂದರೆ ಸರಕು ಸಾಗಿಸುವ ಹಡಗುಗಳು, ನಿಂತಿರುತ್ತವೆ. ಜಲ್ಲಿ, ಮರಳು, ಸಿಮೆಂಟು, ತರಕಾರಿ, ಎಲ್ಲ ಇಲ್ಲಿಂದಲೇ. ಹವಳ ಕಟ್ಟಿದ ದ್ವೀಪಕ್ಕೆ ಮನೆ ಕಟ್ಟಲು ಕಲ್ಲು ನಮ್ಮಿಂದ ಹೋಗುತ್ತದೆ. ಒಂದು ಮಂಜಿಯ ನೆರಳಿನಲ್ಲಿ ಐವತ್ತೈದು ದಾಟಿದ ಒಬ್ಬರು ಹಗ್ಗ ನೇಯುತ್ತಿದ್ದರು, ದ್ವೀಪದವರೇ. ನನಗೆ ಬ್ಯಾರಿ ಭಾಷೆ ಅಲ್ಪಸ್ವಲ್ಪ ಬರುತ್ತದೆ, ಅವರಿಗೆ ಅರ್ಧ ಕನ್ನಡ, ಹೇಗೋ ಮಾತು ನಡೆಯಿತು. ಹವಳ ಬೆಳ್ಳಗಾದದ್ದು ನೋಡಿದ್ದೀರಾ ಎಂದು ಅಕ್ಕನ ಮಗಳು ಕೇಳಿದಳು. ಅವರು ಕೈಕೆಲಸ ನಿಲ್ಲಿಸಿದರು. ಮೊದಲ ಸಲ ನೋಡಿದಾಗ ಯಾರೋ ನೀರಿನ ಅಡಿಯಲ್ಲಿ ಸುಣ್ಣ ಬಳಿದ ಹಾಗಿತ್ತು ಅಂದರು. ಚೆಂದ ಕಂಡಿತಂತೆ. ಕೆಲವು ವಾರದ ಮೇಲೆ ಅದೇ ಜಾಗ ಕಪ್ಪು ಹಸಿರು ಲೋಳೆ.

ಅದು 1998 ಇರಬೇಕು ಅಂದಳು ಅವಳು. ಪೆಸಿಫಿಕ್ ಕಡಲು ಬಿಸಿಯೇರುವ ಎಲ್ ನಿನೋ ವರ್ಷ, ಲಕ್ಷದ್ವೀಪದ ಹವಳಕ್ಕೆ ಭಾರೀ ಪೆಟ್ಟು ಬಿದ್ದಿತ್ತು. ಮತ್ತೆ 2010, ಮತ್ತೆ 2016, ಮತ್ತೆ 2024. ಬೇಸಿಗೆಯ ಅತಿ ಹೆಚ್ಚು ಬಿಸಿಗಿಂತ ಒಂದೇ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ನಿಂತರೆ ಸಾಕು. ಪಾಚಿಯೊಳಗೆ ಬೆಳಕು ಹಿಡಿಯುವ ಕೆಲಸ ಹದ ತಪ್ಪುತ್ತದೆ, ಕೋಶವನ್ನು ಸುಡುವ ಆಕ್ಸಿಜನ್ ರೂಪಗಳು ಹುಟ್ಟುತ್ತವೆ, ಹವಳ ತನಗೆ ಅನ್ನ ಹಾಕುವವರನ್ನೇ ಹೊರಹಾಕುತ್ತದೆ. ಬಣ್ಣ ಹೋಗಿ ಅದರ ಪಾರದರ್ಶಕ ಮೈಯಿಂದ ಒಳಗಿನ ಸುಣ್ಣದ ಎಲುಬು ಕಾಣುತ್ತದೆ. ಹವಳ ಆಗಲೇ ಸತ್ತಿರುವುದಿಲ್ಲ, ಹಸಿದಿರುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳಿ ಬರಬಹುದು. ಕೆಲವು ಸಲ ಬಂದವರು ಬೇರೆಯವರಾಗಿರುತ್ತಾರೆ. ಡುರುಸ್ಡಿನಿಯಮ್‌ನಂಥ ಗಟ್ಟಿಗರು ಹೆಚ್ಚಾಗುತ್ತಾರೆ. ಅವರ ಜೊತೆ ಹವಳ ಬಿಸಿ ತಡೆದುಕೊಳ್ಳುತ್ತದೆ, ಆದರೆ ಹೆಚ್ಚಾಗಿ ಬೆಳವಣಿಗೆ ನಿಧಾನ. ಅದನ್ನೆಲ್ಲ ನಾನು ಆ ಹಿರಿಯರಿಗೆ ಮುರುಕು ಭಾಷೆಯಲ್ಲಿ ಹೇಳಲು ನೋಡಿದೆ. ಅವರು ತಲೆಯಾಡಿಸಿದರು. "ಮೀನೂ ಹೋಯಿತು" ಅಂದರು.

ನಡುವೆ ಒಬ್ಬ ಲಾರಿಯವನು ಬಂದು ಕಾರು ಸ್ವಲ್ಪ ಆಚೆ ಇಡಿ ಅಂದಿದ್ದ. ನಾನೇ ಹೋಗಿ, ನೆರಳಿನಲ್ಲಿದ್ದ ಕಾರನ್ನು ತೆಗೆದು ಗೋಡೆ ಪಕ್ಕದ ಬಿಸಿಲಿನಲ್ಲಿ ನಿಲ್ಲಿಸಿ, ಗಾಜು ಏರಿಸಿ, ಲಾಕ್ ಮಾಡಿ ಬಂದೆ. ಹಿಂದಿನ ಸೀಟು ತಿರುಗಿ ನೋಡಲಿಲ್ಲ. ಮಾತು, ಆಮೇಲೆ ಮೀನೂಟ, ಒಂದೂವರೆ ಗಂಟೆ ಆಗಿತ್ತು. ಮರಳಿ ಬಂದು ಬಾಗಿಲು ತೆಗೆದಾಗ ತುಮಕೂರಿನ ಹುಡುಗಿ ಕ್ಯಾರಿಯರಿನ ಹಿಡಿಕೆ ಮುಟ್ಟಿ ಕೈ ಹಿಂದೆಗೆದಳು. ಸುಡುತ್ತಿತ್ತು. ಒಳಗೆ ಬಾಟಲಿಯ ನೀರು ಸ್ನಾನದ ನೀರಿನಷ್ಟು ಬಿಸಿ.

ಯಾರೂ ನನ್ನನ್ನು ಬಯ್ಯಲಿಲ್ಲ. "ಬೆಂಗಳೂರಲ್ಲಿ ಇನ್ನೂ ಇದೆ ಅಂಕಲ್, ಪರವಾಗಿಲ್ಲ" ಅಂತ ಆ ಹುಡುಗಿಯೇ ಸಮಾಧಾನ ಹೇಳಿದಳು. ಮೂರು ವರ್ಷದಿಂದ ತಿಂಗಳು ತಿಂಗಳು ನೀರು ಬದಲಿಸಿ ಸಾಕಿದವಳು ಅವಳು. ಉಡುಪಿವರೆಗೂ ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಗಟ್ಟಿಗ ಅಂತ ಹೆಸರಿದ್ದರೂ ಅದರ ಗಟ್ಟಿತನ ಕಡಲಿನ ಒಂದೆರಡು ಡಿಗ್ರಿಯ ಲೆಕ್ಕದ್ದು. ರಾತ್ರಿ ನೋಡಿದರೂ ಪ್ರಯೋಜನ ಇರಲಿಲ್ಲ, ರಾತ್ರಿ ಹೇಗೂ ಅವು ಅಲುಗಾಡುವುದಿಲ್ಲ. ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಶನಿವಾರ

ಹುಣ್ಣಿಮೆ ಕಳೆದು ಎರಡು ದಿನ, ನೀರು ಚೆನ್ನಾಗಿ ಇಳಿದಿರುತ್ತದೆ ಅಂತ ಬೆಳಕು ಹರಿಯುವ ಮೊದಲೇ ಕಾಪುವಿಗೆ ಹೋದೆವು. ದೀಪಸ್ತಂಭದ ಬುಡದ ಬಂಡೆಗಳ ನಡುವೆ ಅಲ್ಲಲ್ಲಿ ಹೊಂಡಗಳಲ್ಲಿ ನೀರು ನಿಂತಿತ್ತು. ಸಣ್ಣ ಏಡಿ, ಕಲ್ಲಿಗೆ ಅಂಟಿದ ಚಿಪ್ಪು, ಬೊಗಸೆಯಷ್ಟು ನೀರಿನಲ್ಲಿ ಸಿಕ್ಕಿಕೊಂಡ ಮರಿ ಮೀನು.

ಒಂದು ಹೊಂಡದ ಹತ್ತಿರ ಅಕ್ಕನ ಮಗಳು ಮಂಡಿಯೂರಿ ಕೂತವಳು "ಬನ್ನಿ ಬನ್ನಿ" ಅಂತ ಕರೆದಳು. ಕಲ್ಲಿನ ಮೇಲೆ ಅಂಗಿಯ ಗುಂಡಿಗಳನ್ನು ಒತ್ತೊತ್ತಾಗಿ ಅಂಟಿಸಿದ ಹಾಗೆ ಏನೋ ಹರಡಿತ್ತು, ಕಂದು ಹಸಿರು ಬಣ್ಣ. ನೀರಿನಿಂದ ಹೊರಗಿದ್ದವು ಬಾಯಿ ಮುಚ್ಚಿ ಚರ್ಮದ ಗಂಟಿನ ಹಾಗಿದ್ದವು. ನೀರಿನೊಳಗಿದ್ದವು ಬಿಚ್ಚಿಕೊಂಡಿದ್ದವು, ಸುತ್ತ ಸಣ್ಣ ಬೆರಳುಗಳು. ಜೊಯಾಂಥಿಡ್ ಅಂದಳು. ಹವಳದ ಹತ್ತಿರದ ಸಂಬಂಧಿ, ಸುಣ್ಣದ ಎಲುಬು ಕಟ್ಟುವುದಿಲ್ಲ. ಆ ಕಂದು ಬಣ್ಣ ಬರುವುದು ಒಳಗಿನ ಪಾಚಿಯಿಂದ, ನಮ್ಮ ಬಾಟಲಿಯ ಅದೇ ಕುಟುಂಬ. ಈ ಬಂಡೆಯ ಮೇಲೆ ನಾನು ಸಣ್ಣವನಿದ್ದಾಗಿನಿಂದ ಓಡಾಡಿದ್ದೇನೆ. ಇದನ್ನು ತುಳಿದಿರಲೂ ಸಾಕು. ಲಕ್ಷದ್ವೀಪದಲ್ಲಿ, ಒಕಿನಾವಾದಲ್ಲಿ ಇರುವ ಸಂಗತಿ ಅಂದುಕೊಂಡದ್ದು ಕಾಪುವಿನ ಹೊಂಡದಲ್ಲಿಯೇ ಇತ್ತು. ಯಾರೂ ಮುಟ್ಟಲಿಲ್ಲ. ಧಾರವಾಡದ ಹುಡುಗ ಹೊಟ್ಟೆ ಕೆಳಗೆ ಮಾಡಿ ಬಂಡೆಯ ಮೇಲೆ ಮಲಗಿ, ನೀರಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಅಲೆ ಬಂದು ತೋಯಿಸುವವರೆಗೂ ಏಳಲಿಲ್ಲ.

ಒಂಬತ್ತೂವರೆಗೆ ಶಾಲೆ. ಶನಿವಾರ ಅರ್ಧ ದಿನ. ಒಂಬತ್ತನೇ ತರಗತಿಯ ಮಕ್ಕಳನ್ನು ಲ್ಯಾಬಿಗೆ ಕರೆದೆ. ಎರಡು ಮೈಕ್ರೋಸ್ಕೋಪು, ಎರಡು ಬಾಟಲಿಯಿಂದ ಒಂದೊಂದು ಹನಿ. ಹತ್ತೂವರೆಗೆ ತುಮಕೂರಿನ ಹುಡುಗಿ ಮೊದಲು ಕಾರಿನಲ್ಲಿ ಉಳಿದಿದ್ದ ಬಾಟಲಿಯ ಹನಿಗೆ ಕಣ್ಣಿಟ್ಟಳು. ಬಹಳ ಹೊತ್ತು ನೋಡಿದಳು, ಗಾಜು ಸರಿಸಿ ಸರಿಸಿ ಮೂಲೆ ಮೂಲೆ ಹುಡುಕಿದಳು. ಗುಂಡುಗಳು ಅಂಟಿಕೊಂಡು ಗುಂಪಾಗಿದ್ದವು, ಕೆಲವು ಒಡೆದಿದ್ದವು. ಬಣ್ಣ ಹಾಗೇ ಇತ್ತು. ಒಂದೂ ಅಲುಗಾಡಲಿಲ್ಲ. ನೋಟ್‌ಬುಕ್ ತೆಗೆದು ಸಮಯ, ಎಷ್ಟು ಹೊತ್ತು ಬಿಸಿಲಿನಲ್ಲಿತ್ತು, ಏನು ಕಾಣಿಸಿತು ಎಲ್ಲ ಬರೆದುಕೊಂಡಳು.

ಆಮೇಲೆ ಬ್ರೆವಿಯೋಲಮ್. ನನ್ನನ್ನು ಮೊದಲು ನೋಡಲು ಹೇಳಿದಳು.

ಜೇನಿನ ಬಣ್ಣದ ಅದೇ ಗುಂಡುಗಳು, ಆದರೆ ಈಗ ನಡುವೆ ಸೊಂಟದ ಹಾಗೆ ಒಂದು ಗೆರೆ. ಬುಗುರಿಯ ಹಾಗೆ ಗಿರಗಿರ ತಿರುಗುತ್ತಾ ಮುಂದೆ ಹೋಗುತ್ತವೆ. ಒಂದು ಅಡ್ಡ ಬಂತು, ಇನ್ನೊಂದಕ್ಕೆ ತಾಗಿ ದಿಕ್ಕು ಬದಲಿಸಿತು, ಚೌಕಟ್ಟಿನಿಂದ ಹೊರಗೆ ಹೋಯಿತು. ಎಲ್ಲವೂ ಈಜುತ್ತಿರಲಿಲ್ಲ, ಕೆಲವು ಕೂತೇ ಇದ್ದವು. ಬುಧವಾರ ರಾತ್ರಿ ಸತ್ತಿವೆಯಾ ಎಂದು ಕೇಳಿದ್ದೆನಲ್ಲ, ಅವೇ ಇವು.

ಮಕ್ಕಳು ಸಾಲಾಗಿ ಬಂದರು. "ಸರ್, ಇದು ಓಡ್ತಾ ಉಂಟು!" "ಸರ್, ಇದಕ್ಕೆ ಕಣ್ಣು ಉಂಟಾ?" ಒಬ್ಬಳು ಎರಡೂ ಮೈಕ್ರೋಸ್ಕೋಪು ನೋಡಿ, ಒಂದು ಯಾಕೆ ನಿಂತಿದೆ ಎಂದು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿನ್ನೆ ನಾನು ಬಿಸಿಲಿನಲ್ಲಿ ಬಿಟ್ಟೆ ಅಂತ. ಅವಳು ಏನೂ ಅನ್ನಲಿಲ್ಲ, ಮತ್ತೊಮ್ಮೆ ಹೋಗಿ ನಿಂತದ್ದನ್ನೇ ನೋಡಿದಳು.

ಸಂಜೆ ಇಂದ್ರಾಳಿಗೆ ಬಿಡುವ ಮೊದಲು ತುಮಕೂರಿನ ಹುಡುಗಿ ನಮ್ಮ ಅಡುಗೆಮನೆಯಲ್ಲಿ ಒಂದು ಗಾಜಿನ ಬಾಟಲಿ ಕುದಿಸಿ ಆರಿಸಿ, ಉಳಿದದ್ದರಲ್ಲಿ ಅರ್ಧ ಅದಕ್ಕೆ ಸುರಿದು, ಶೋಧಿಸಿ ಕುದಿಸಿ ತಣಿಸಿದ ಕಡಲ ನೀರು ಸೇರಿಸಿ, ತಾನು ತಂದ ಪೋಷಕದ ಹನಿ ಹಾಕಿ ನನ್ನ ಕೈಗೆ ಕೊಟ್ಟಳು. ಶಾಲೆಗೆ ಅಂತ. ನೇರ ಬಿಸಿಲು ಬೇಡ, 26ರಿಂದ 28 ಡಿಗ್ರಿ ಇರಲಿ, ತಿಂಗಳಿಗೊಮ್ಮೆ ಹೊಸ ನೀರು. ನಾನು ಬೇಡ ಅಂದೆ. ಅವಳು ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಲ್ಯಾಬಿನ ಉತ್ತರದ ಕಿಟಕಿಯಲ್ಲಿ ಇಟ್ಟೆ. ಶನಿವಾರ ನಿಂತದ್ದನ್ನೇ ನೋಡಿದ್ದ ಆ ವಿದ್ಯಾರ್ಥಿನಿ ಬಂದು ಪಕ್ಕದಲ್ಲಿ ಥರ್ಮಾಮೀಟರ್ ಕಟ್ಟಿದಳು, ಗೋಡೆಗೆ ಒಂದು ಕಾಗದ ಅಂಟಿಸಿ ದಿನಾಂಕ ಬರೆದು 27 ಅಂತ ನಮೂದಿಸಿದಳು. ಹತ್ತೂವರೆಯ ಬಿಡುವಿನಲ್ಲಿ ಒಂದು ಹನಿ ತೆಗೆದು ನೋಡಿದೆವು. ತಿರುಗುತ್ತಿದ್ದವು.